ಹೋಡಿಗೆ ಬಂದ ಗಡ್ಡ

ನನಗೊಂದು ಚಟ ಇದೆ. ಹೆದರಬೇಡಿ, ಎಲೆ-ಅಡಿಕೆ, ತಂಬಾಕಿನಂಥದ್ದಲ್ಲ. ಎಲ್ಲೇ ಹಸಿರು ಪಾಚಿ ಕಂಡರೂ ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಕೆರೆದು ನೋಡದೆ ನನಗೆ ಸಮಾಧಾನವಿಲ್ಲ. ನೀರಿನ ಟಾಕಿ ಇರಲಿ, ಹೂವಿನ ಕುಂಡ ಇರಲಿ, ಯಾರದೋ ಮನೆಯ ಬಚ್ಚಲಿರಲಿ. ಮೊನ್ನೆ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಲಿಂಗನೂರಿಗೆ ಹೋಗಿದ್ದೆವು. ಹಿರಿಯರು ಒಳಗೆ ಮಾತಿಗೆ ಕೂತಿದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದ ನಾನು ಅವರ ನೀರಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಒಂದು ಬದಿಯನ್ನು ಪೂರ್ತಿ ಕೆರೆದು ಹಸನು ಮಾಡಿಬಿಟ್ಟಿದ್ದೆ. ಹುಡುಗಿಯ ತಂದೆ ಬಂದು ನೋಡಿ ಗಾಬರಿಯಾಗಿ, ನಮ್ಮ ಮನೆ ಅಷ್ಟು ಹೊಲಸಾಗಿ ಕಂಡಿತೇನು ಅಂತ ಕೇಳಿದರು. ಸಂಬಂಧ ಕುದುರಿತು, ಆ ಮಾತು ಬೇರೆ. ಆದರೆ ನಮ್ಮೂರು ಮಿರಜ ಮುಟ್ಟುವ ತನಕ ನನ್ನ ಹೆಂಡತಿ ಬಸ್ಸಿನ ಕಿಟಕಿಯ ಕಡೆ ತಿರುಗಿಸಿದ ಮುಖವನ್ನು ಈ ಕಡೆ ತರಲಿಲ್ಲ.

ಈ ಚಟ ಹತ್ತಿಸಿದ್ದು ಸಾಂಗ್ಲಿ ಹತ್ತಿರದ ಹರಿಪುರದ ಒಂದು ಹೋಡಿ. ದೋಣಿಗೆ ನಮ್ಮ ಕಡೆ ಹೋಡಿ ಅನ್ನುತ್ತೇವೆ. ಅರ್ಧ ಮರಾಠಿ, ಅರ್ಧ ಕನ್ನಡ ಕಲಸಿಕೊಂಡು ಉಣ್ಣುವವರು ನಾವು, ಯಾವ ಶಬ್ದ ಯಾರದು ಅಂತ ಕೇಳಿದರೆ ಕೈ ಮುಗಿಯುತ್ತೇವೆ. ಹೋಡಿ ಬಾಳೂ ಕಾಕಾನದು. ಕಾಕಾ ಅಂದರೆ ಚಂಪಾ ಮಾವಶಿಯ ಗಂಡ, ಚಂಪಾ ಮಾವಶಿ ಅಂದರೆ ನಮ್ಮವ್ವನ ತಂಗಿ. ಇಷ್ಟು ಗೊತ್ತಾದರೆ ಸಾಕು, ಉಳಿದ ಬಳಗವನ್ನು ನಾನು ಇಲ್ಲಿ ತರುವುದಿಲ್ಲ. ತಂದರೆ ಅವರು ಎದ್ದು ಹೋಗುವುದಿಲ್ಲ.

ನನ್ನ ಕಸುಬನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದೆ ನಾನು ಮಾಡಿದ ಪರಾಕ್ರಮ ನಿಮಗೆ ತಿಳಿಯುವುದಿಲ್ಲ. ನಾವು ಮಿರಜಿನಲ್ಲಿ ಸಿತಾರು, ತಂಬೂರಿಗಳಿಗೆ ಪಾಲಿಶ್ ಹೊಡೆಯುವವರು. ನಮ್ಮಪ್ಪ ಅಥಣಿಯ ಕಡೆಯಿಂದ ಕೂಲಿಗೆ ಬಂದವನು, ವಾದ್ಯದ ಕಾರಖಾನೆಯೊಂದರಲ್ಲಿ ಕಸ ಹೊಡೆಯುತ್ತ ಹೊಡೆಯುತ್ತ ಪಾಲಿಶ್ ಕಲಿತ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಪದರದ ಮೇಲೆ ಪದರ ತಿಕ್ಕುವುದು. ನಮ್ಮ ಮನೆಯ ಜಂತಿಗೆ ತಂಬೂರಿಯ ಕುಂಬಳಬುರುಡೆಗಳು ಜೋತುಬಿದ್ದಿರುತ್ತಿದ್ದವು. ಅವ್ವ ಬಡಿದ ಜೋಳದ ಭಕ್ಕರಿಗೂ ಸ್ಪಿರಿಟ್ಟಿನ ವಾಸನೆ. ಪಾಲಿಶ್ ಹೊಡೆದರೆ ಹಾಳಾಗುವ ವಸ್ತು ಜಗತ್ತಿನಲ್ಲೇ ಇಲ್ಲ ಅಂತ ನಾನು ಸಣ್ಣವನಿದ್ದಾಗಲೇ ತೀರ್ಮಾನಿಸಿದ್ದೆ. ನನ್ನ ಪಾಟಿಗೆ ಪಾಲಿಶ್ ಹೊಡೆದೆ, ಅದರ ಮೇಲೆ ಬಳಪ ಓಡಲಿಲ್ಲ. ಅಜ್ಜನ ಊರುಗೋಲಿಗೆ ಹೊಡೆದೆ, ಅದು ಅವನ ಕೈಯಿಂದ ಜಾರಿ ಜಾರಿ ಬಿದ್ದಿತು. ಆದರೂ ನನ್ನ ನಂಬಿಕೆ ಅಲುಗಲಿಲ್ಲ.

ಬ್ಯಾಸಗಿ ಸೂಟಿ ಬಿಟ್ಟರೆ ಹರಿಪುರ. ಕೃಷ್ಣೆಗೆ ವಾರಣೆ ಬಂದು ಸೇರುವ ಆ ಊರಿನಲ್ಲಿ ಕಾಕಾ ಆಗ ದಿನಾ ಹೋಡಿ ಹಾಕಿಕೊಂಡು ಆಚೆ ದಂಡೆಯ ಹೊಲಕ್ಕೆ ಹೋಗುತ್ತಿದ್ದ. ಹೋಗುವಾಗ ಆಳುಗಳು, ಬರುವಾಗ ಮೇವಿನ ಸಿವುಡು, ಅದರ ಮೇಲೆ ನಾನು. ದಿನಾ ಓಡುವ ಆ ಹೋಡಿಗೆ ಪಾಚಿಯ ಮಾತೇ ಇರಲಿಲ್ಲ. ಆಮೇಲೆ ಸೇತುವೆ ಆಯಿತು, ಕಾಕಾ ಮೋಟರ್ ಸೈಕಲ್ ತಗೊಂಡ, ಹೋಡಿ ಹೊಳೆಯ ಮೆಟ್ಟಿಲ ಘಾಟಿಗೆ ಕಟ್ಟಿದ್ದು ಕಟ್ಟಿದಲ್ಲೇ ಉಳಿಯಿತು. ವರ್ಷಕ್ಕೊಮ್ಮೆ, ಮಳೆಗಾಲದ ನೀರು ಇಳಿದ ಮೇಲೆ, ಹೋಡಿಗಳ ಶರ್ಯತ್ತು, ಅಂದರೆ ಪಂದ್ಯ. ಅವತ್ತೊಂದು ದಿನ ಬಿಚ್ಚುವುದು, ಹಿಂಬದಿಗೆ ಕಾಕಾ ಚುಕ್ಕಾಣಿ ಹಿಡಿದು ಕೂಡುವುದು, ಊರ ಹುಡುಗರು ಹುಟ್ಟು ಹಾಕುವುದು. ಉಳಿದ ದಿನ ಅದಕ್ಕೆ ಕೆಲಸವಿಲ್ಲ.

ಕೆಲಸವಿಲ್ಲದವರು ಗಡ್ಡ ಬಿಡುವ ಹಾಗೆ ಹೋಡಿಯೂ ಬಿಟ್ಟಿತು. ಕೆಳಗೆ ಹೊಳೆಗೆ ಅಡ್ಡ ಕಟ್ಟಿದ ಬಂಧಾರೆಯಿಂದಾಗಿ ಅಲ್ಲಿ ನೀರು ಬ್ಯಾಸಗಿಯಲ್ಲೂ ನಿಂತೇ ಇರುತ್ತದೆ. ಸುತ್ತಲೂ ಕಬ್ಬಿನ ಗದ್ದೆ, ಗದ್ದೆಗೆ ಹಾಕಿದ ಗೊಬ್ಬರದ ಸಾರ ಹೊಳೆಗೆ, ಹೊಳೆಯ ಮೇಲೆ ಸುಡುವ ಬಿಸಿಲು. ಪಾಚಿಗೆ ಇನ್ನೇನು ಬೇಕು? ಹೋಡಿಯ ಎರಡೂ ಮಗ್ಗುಲಿಗೆ ಗೇಣುದ್ದದ ಹಸಿರು ಎಳೆ ಜೋತುಬಿದ್ದವು, ಅವುಗಳ ನಡುವೆ ಬಸವನಹುಳಗಳು ಸಂಸಾರ ಹೂಡಿದವು. ಒಂದು ವರ್ಷ ಶರ್ಯತ್ತಿನಲ್ಲಿ ಹುಡುಗರು ಎದೆ ಒಡೆಯುವಂತೆ ಹುಟ್ಟು ಹಾಕಿದರೂ ಹೋಡಿ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಹಿಂದೆ ಹಿಂದೆ ಬಿತ್ತು. ಎಲ್ಲರಿಗಿಂತ ಕಡೆಗೆ ಬಂದದ್ದು ನಮ್ಮದೇ. ಗೆದ್ದವರು ಸಾಂಗ್ಲಿವಾಡಿಯವರು. ಅವರ ಪೈಕಿ ಒಬ್ಬ ದಂಡೆಯಲ್ಲಿ ನಿಂತು ನಮ್ಮ ಕಾಕಾನಿಗೆ, ಮುಂದಿನ ಸಲ ಬರುವಾಗ ಹೋಡಿಗೆ ಒಂದು ಹಜಾಮತಿ ಮಾಡಿಸಿಕೊಂಡು ಬರ್ರಿ ಅಂದ.

 ಕಾಕಾ ಊರಿಗೆ ಬಂದು, ಚಹಾದ ಅಂಗಡಿಯ ಮುಂದೆ, ನಾಲ್ಕು ಮಂದಿ ಹಿರಿಯರು ಕೂತಿದ್ದಾಗ ಅಂದ. "ಮುಂದಿನ ವರ್ಷ ಸಾಂಗ್ಲಿವಾಡಿ ಹೋಡಿ ನನ್ನ ಹೋಡಿಕಿಂತ ಮುಂದ ಹೋದ್ರ, ಇದನ್ನ ನನ್ನ ಕೈಯಾರೆ ಒಡದು ಬಚ್ಚಲ ಒಲಿಗೆ ಹಾಕತೇನಿ."

ಬೇರೆ ಯಾರಾದರೂ ಅಂದಿದ್ದರೆ ನಕ್ಕು ಬಿಡಬಹುದಿತ್ತು. ಬಾಳೂ ಕಾಕಾನ ಮಾತು ಹಾಗಲ್ಲ. ನಾನು ಹುಟ್ಟುವ ಮೊದಲು ಯಾವುದೋ ಜಗಳದಲ್ಲಿ, ಇನ್ನು ನಾ ಚಹಾ ಮುಟ್ಟೋದಿಲ್ಲ ಅಂದಿದ್ದನಂತೆ. ಜಗಳ ಯಾರ ಜೋಡಿ, ಯಾತಕ್ಕೆ ಅಂತ ಅವನಿಗೂ ಈಗ ನೆನಪಿಲ್ಲ. ಚಹಾ ಮಾತ್ರ ಇವತ್ತಿಗೂ ಮುಟ್ಟಿಲ್ಲ, ಚಹಾದ ಅಂಗಡಿಯಲ್ಲೇ ಕೂತು ಬಿಸಿ ಹಾಲು ಕುಡಿಯುತ್ತಾನೆ. ಅಂಥವನು ಒಡೆಯುತ್ತೇನೆ ಅಂದರೆ ಒಡೆದ ಹಾಗೇ.

ಸುದ್ದಿ ಮಾವಶಿಗೆ ಮುಟ್ಟಿತು. ಅವಳು ನೀರು ಕಾಣದ ಜತ್ತಿನ ಕಡೆಯ ಹುಡುಗಿ, ಮದುವೆಯಾಗಿ ಬಂದಾಗ ಹೊಳೆ ನೋಡಿ ಅತ್ತವಳು. ಮಹಾಪೂರ ಬಂದ ವರ್ಷ ಅವಳ ಓಣಿ ಪೂರ್ತಿ ಮುಳುಗಿದಾಗ ಮುದುಕರು, ಕೂಸುಗಳು, ಆಡುಗಳನ್ನೆಲ್ಲ ಆಚೆ ದಾಟಿಸಿದ್ದು ಇದೇ ಹೋಡಿ. ಕಡೆಯ ಸರತಿಯಲ್ಲಿ ಮಾಳಿಗೆಯ ಮೇಲಿಂದ ಮಾವಶಿ ಇಳಿದಿದ್ದಳು. ನಾನು ಹರಿಪುರಕ್ಕೆ ಹೋದಾಗ ಅವಳು ಊಟಕ್ಕೆ ಬಡಿಸುತ್ತ, ಕಾಕಾ ಕೈ ತೊಳೆಯಲು ಎದ್ದದ್ದನ್ನು ನೋಡಿ, ದನಿ ತಗ್ಗಿಸಿ ಹೇಳಿದಳು. "ಸಂಜೂ, ಅದು ಇರದಿದ್ರ ನಾ ಇವತ್ತ ನಿನಗ ಭಕ್ಕರಿ ಬಡದು ಹಾಕಾಕ ಇರತಿದ್ದಿಲ್ಲ. ಅದನ್ನ ಒಲಿಗೆ ಹಾಕಗೊಡಬ್ಯಾಡೋ."

 ನಾನಿದ್ದೇನೆ ಬಿಡು ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ದೇವರಿಗೆ ಗೊತ್ತು.

ಹೋಡಿಯನ್ನು ನೀರಿನಿಂದ ಎಳೆದು ದಂಡೆಯ ಮೇಲೆ ಇಟ್ಟರಾಯಿತಲ್ಲ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದ್ದೆ. ಅದನ್ನೂ ಒಂದು ಬ್ಯಾಸಗಿ ಮಾಡಿ ನೋಡಿದ್ದರಂತೆ. ಕಟ್ಟಿಗೆಯ ಹೋಡಿ, ಬಿಸಿಲಿಗೆ ಹಲಗೆ ಒಣಗಿ ಬಿರಿ ಬಿಟ್ಟು, ನೀರಿಗೆ ಇಳಿಸಿದ ಕೂಡಲೇ ಹೊಳೆಯನ್ನೇ ಕುಡಿಯಲು ಶುರುಮಾಡಿತು. ಒಂದೆರಡು ದಿನ ಮೇಲೆ ಇಟ್ಟರೆ ನಡೆದೀತು, ತಿಂಗಳುಗಟ್ಟಲೆ ಇಡುವ ಹಾಗಿಲ್ಲ. ನೀರಲ್ಲಿದ್ದರೆ ಗಡ್ಡ, ಮೇಲಿದ್ದರೆ ಬಿರುಕು. ಕೆರೆದು ತೆಗೆದರೆ ಎಂಟು ದಿನಕ್ಕೆ ಮತ್ತೆ ಚಿಗುರು. ನಾನು ಕೆರೆದ ಕೆರೆತಕ್ಕೆ ಉಗುರು ಹಸಿರಾದವು, ಈಗಿನ ಚಟ ಅಲ್ಲೇ ಹುಟ್ಟಿದ್ದು.

ಮೊದಲ ಔಷಧ ಮಾವಶಿಯದು. ಸಾಂಗ್ಲಿ ಸೀಮೆಯವರಿಗೆ ಯಾವ ರೋಗ ಬಂದರೂ ಕೈ ಹೋಗುವುದು ಅರಿಶಿನದ ಡಬ್ಬಿಗೇ. ಗಾಯಕ್ಕೆ ಅರಿಶಿನ, ಕೆಮ್ಮಿಗೆ ಅರಿಶಿನ, ಇರುವೆಗೆ ಅರಿಶಿನ, ಹಾಗಾದರೆ ಹೋಡಿಗೇಕೆ ಬೇಡ? ಹೋಡಿಯನ್ನು ದಂಡೆಗೆ ಎಳೆಸಿ, ಓಣಿಯ ಹೆಂಗಸರನ್ನು ಕೂಡಿಸಿ, ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಮದುಮಗಳಿಗೆ ಹಚ್ಚಿದ ಹಾಗೆ ಹಚ್ಚಿದರು. ಹಾಡೂ ಹೇಳಿದರು. ನೀರಿಗೆ ಬಿಟ್ಟ ಮೇಲೆ ಹೋಡಿಯ ಸುತ್ತ ಹೊಳೆ ಹಳದಿಯಾಯಿತು, ಸ್ವಲ್ಪ ಕೆಳಗೆ ಮುಳುಗು ಹಾಕುತ್ತಿದ್ದ ಒಬ್ಬ ಮುದುಕಪ್ಪ ಮದುಮಗನಾಗಿ ಎದ್ದ. ಪಾಚಿಗೆ ಅದರಿಂದ ಏನೂ ಆಗಲಿಲ್ಲ. ಇನ್ನೂ ಒಂಚೂರು ತುರುಸಾಗಿ ಬಂತು ಅಂತ ಕಾಕಾನ ಅಂಬೋಣ.

ಆಗ ನಾನು ಎದೆಯುಬ್ಬಿಸಿ ಮುಂದೆ ಬಂದೆ. ನುಣುಪಾದ ಮೈಗೆ ಪಾಚಿ ಹೇಗೆ ಹಿಡಿಯುತ್ತದೆ? ಕನ್ನಡಿಯ ಹಾಗೆ ಜಾರಿಸಿಬಿಟ್ಟರೆ ಮುಗಿಯಿತು. ಥಂಡಿ ದಿನಗಳಲ್ಲಿ ಹೋಡಿಯನ್ನು ಮತ್ತೆ ಮೇಲೆ ಎಳೆಸಿದೆ, ಒಳಗೆ ಹಲಗೆ ಒಣಗದಂತೆ ಒದ್ದೆ ಗೋಣಿ ಹಾಸಿದೆ, ಮಿರಜಿನಿಂದ ಅರಗು, ಸ್ಪಿರಿಟ್ಟು ತಂದು ಹೊರಮೈಗೆ ತಂಬೂರಿಯ ಪಾಲಿಶ್ ಹೊಡೆದೆ. ಭುಜ ಬಿದ್ದುಹೋಗುವ ತನಕ ತಿಕ್ಕಿದೆ. ಏನು ಹೇಳಲಿ, ಆ ಹೋಡಿ ಅಷ್ಟು ಚೆಂದ ಕಂಡಿತು. ಹಲಗೆಯ ಒಂದೊಂದು ಗೆರೆಯೂ ಜೇನಿನ ಬಣ್ಣದಲ್ಲಿ ಎದ್ದು ಬಂತು. ಮಂದಿ ಅದರಲ್ಲಿ ಮುಖ ನೋಡಿ ಕ್ರಾಪು ತೀಡಿಕೊಂಡರು. ಹುಡುಗರು ಅದರ ಮುಂದೆ ನಿಂತು ಸೆಲ್ಫಿ ತೆಗೆದರು. ಕಾಕಾ ಸುತ್ತಲೂ ಒಂದು ಸುತ್ತು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟ. ನಾನು ನಿಜವಾಗಿಯೂ ನೆಲ ಬಿಟ್ಟು ಒಂದು ಮೊಳ ಮೇಲೆ ಇದ್ದೆ.

ಈಗ ನೀವು ನನ್ನ ಕಸುಬಿನವರಾಗಿದ್ದರೆ ಆಗಲೇ ನಗುತ್ತಿರುತ್ತೀರಿ. ತಂಬೂರಿಯನ್ನು ಯಾರೂ ಹೊಳೆಯಲ್ಲಿ ಇಡುವುದಿಲ್ಲ. ಅರಗಿನ ಪಾಲಿಶ್ ಮೇಲೆ ಒಂದು ಲೋಟದ ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ ಅಂತ ನಮ್ಮಪ್ಪ ನನಗೆ ಕಿವಿ ಹಿಂಡಿ ಹೇಳಿದ್ದ. ಆ ಮಾತು ನನಗೆ ನೆನಪಾದದ್ದು ಮೂರನೆಯ ದಿನ, ಕಾಕಾ ಫೋನು ಮಾಡಿ, ಹೋಡಿಗೆ ಮೊಸರು ಬಳಿದಂಗ ಆಗೇತಿ, ಬಂದು ನೋಡು ಅಂದಾಗ. ಹೋಗಿ ನೋಡಿದೆ. ಬೆಳ್ಳಗಾಗಿ, ಸುಕ್ಕಾಗಿ, ಕಾದಾರಿದ ಹಾಲಿನ ಕೆನೆಯ ಹಾಗೆ ಏಳುತ್ತಿತ್ತು. ಕೆನೆಯ ಸಂದಿಯಲ್ಲಿ ಹಸಿರು ಆಗಲೇ ಇಣುಕುತ್ತಿತ್ತು. ಘಾಟಿನಲ್ಲಿ ಬಟ್ಟೆ ಒಗೆಯುತ್ತಿದ್ದ ಪಾರಕ್ಕ, ಮಾವಶಿಯ ನೆರೆಯವಳು, ನನ್ನನ್ನು ನೋಡಿ, ಯಾಕೋ ಸಂಜೂ, ಹೋಡಿ ಶ್ರುತಿ ತಪ್ಪೇತಿ ಏನು ಅಂತ ಕೇಳಿದಳು. ಆ ಇಡೀ ಊರಿಗೆ ಒಂದು ವಾರ ನಗಲು ಬೇರೆ ಏನೂ ಬೇಕಾಗಲಿಲ್ಲ. ನಾನು ಮಿರಜಿಗೆ ಬಂದವನು ಹರಿಪುರದ ಹೆಸರೆತ್ತದೆ ಎರಡು ತಿಂಗಳು ಕಳೆದೆ.

ಅಷ್ಟರಲ್ಲಿ ಬ್ಯಾಸಗಿ ಬಂತು, ಹಪ್ಪಳ-ಸಂಡಿಗೆಯ ಕಾಲ. ಹರಿಪುರದ ಹುಣಸೆಮರಗಳ ತುಂಬ ಮಂಗಗಳು. ಮಾಳಿಗೆಯ ಮೇಲೆ ಸಂಡಿಗೆ ಇಟ್ಟರೆ ಮಂಗ, ಅಂಗಳದಲ್ಲಿ ಇಟ್ಟರೆ ಆಡು. ಮಾವಶಿ ಒಂದು ದಿನ ಬೇಸತ್ತು, ಹಳೆಯ ಸೀರೆ, ಹಲಗೆ, ಸಂಡಿಗೆ ಹಿಟ್ಟಿನ ಬುಟ್ಟಿ ತಗೊಂಡು ಸೀದಾ ಹೋಡಿಗೇ ಹೋದಳು. ನಾಲ್ಕೂ ಕಡೆ ನೀರು, ಮಂಗ ಬರುವುದಿಲ್ಲ, ಆಡು ಬರುವುದಿಲ್ಲ, ಕಾಗೆಗೊಂದು ಕೋಲು ಸಾಕು. ಮರುದಿನ ಪಾರಕ್ಕ ತನ್ನ ಹಪ್ಪಳದ ಜೋಡಿ ಬಂದಳು. ಆಮೇಲೆ ಮತ್ತೂ ನಾಲ್ಕು ಮಂದಿ. ಕಾಕಾ ದಂಡೆಯಲ್ಲಿ ನಿಂತು, ಇದೇನ ಹೋಡಿಯೋ ಅಟ್ಟವೋ ಅಂತ ಒದರಾಡಿದ. ಹ್ಯಾಂಗೂ ಒಲಿಗೆ ಹಾಕವರು, ಅಲ್ಲೀತನಕ ಸಂಡಿಗಿ ಒಣಗಲಿ ಬಿಡ್ರಿ ಅಂತ ಮಾವಶಿ ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದಳು.

ಘಾಟಿನ ಮೇಲಿನ ಗುಡಿಯ ಕಡೆಯ ಆಲದ ನೆರಳು ಹೋಡಿಯ ಎಡಕ್ಕೆ ಬೀಳುತ್ತದೆ. ಹೆಂಗಸರೆಲ್ಲ ಆ ನೆರಳಿಗೆ ಒತ್ತೊತ್ತಿ ಎಡಮಗ್ಗುಲಿಗೇ ಕೂಡುವರು. ಆರು ಮಂದಿ ಒಂದು ಕಡೆ ಕೂತರೆ ಹೋಡಿ ಆ ಕಡೆ ವಾಲುತ್ತದೆ, ಈ ಕಡೆಯ ಮಗ್ಗುಲು ನೀರು ಬಿಟ್ಟು ಮೇಲೆ ಏಳುತ್ತದೆ. ಎದ್ದ ಮಗ್ಗುಲಿಗೆ ಏಪ್ರಿಲ್ ತಿಂಗಳ ಸಾಂಗ್ಲಿಯ ಬಿಸಿಲು. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ಅವರಿಗೆ ಬೇಕಾಗಿದ್ದದ್ದು ನೆರಳು ಮತ್ತು ಮಾತು.

ನನ್ನ ಬಿಳಿ ಪಾಲಿಶ್ ಕೆರೆದು ತೆಗೆದು ಪಾಪ ಕಳೆದುಕೊಳ್ಳೋಣ ಅಂತ ನಾನು ಒಂದು ರವಿವಾರ ಕದ್ದುಮುಚ್ಚಿ ಹೋದೆ. ನೀರಲ್ಲಿ ನಿಂತು ಬಲಮಗ್ಗುಲಿಗೆ ಉಗುರು ಹಚ್ಚಿದೆ. ಪಾಚಿ ಜಾರಲಿಲ್ಲ, ಅಂಟಲಿಲ್ಲ, ಹಪ್ಪಳದ ಹಾಗೆ ಚಟ್ಟನೆ ಎದ್ದು ಬಂತು. ಕೆಳಗೆ ಹಲಗೆ ಸಾಫು. ನನ್ನ ಪಾಲಿಶ್ಶನ್ನೂ ಅದು ತನ್ನ ಜೊತೆ ಕರೆದುಕೊಂಡು ಬಂದಿತ್ತು. ಕಾಕಾನನ್ನು ಕೂಗಿದೆ. ಅವನು ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ತಿಕ್ಕಿದ, ಪುಡಿಯಾಯಿತು, ಊದಿದ, ಹಾರಿತು. ಎಡಮಗ್ಗುಲಿಗೆ ಹೋಗಿ ನೋಡಿದೆವು, ಅಲ್ಲಿ ಗಡ್ಡ ಹಾಗೇ ಸೊಂಪಾಗಿ ತೂಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಮೇಲೆ ಕೂತ ಹೆಂಡತಿಗೆ, ಬಹಳ ಮೆತ್ತಗೆ, ನಾಳಿಂದ ಎಲ್ಲಾರೂ ಈ ಕಡೆ ಕುಂದರತೀರೇನು ಅಂತ ಕೇಳಿದ.

ಅಲ್ಲಿಂದ ಶುರುವಾಯಿತು ನೋಡಿ ಕಾಕಾನ ದರ್ಬಾರು. ಮೂರು ದಿನ ಎಡಕ್ಕೆ, ಮೂರು ದಿನ ಬಲಕ್ಕೆ. ದಂಡೆಯಲ್ಲಿ ಛತ್ರಿ ಹಿಡಿದು ನಿಂತು, ಇನ್ನೊಬ್ಬಾಕಿ ಹಿಂದ ಸರೀರಿ, ಹೋಡಿ ಮೂತಿ ಏಳವಲ್ಲದು ಅಂತ ಹುಕುಂ ಮಾಡುವನು. ಬಿಸಿಲಿನ ಕಡೆ ಕೂಡುವ ಸರತಿ ಬಂದಾಗ ತಾನೇ ಹೆಂಗಸರ ಮೇಲೆ ಗೋಣಿತಟ್ಟಿನ ಚಪ್ಪರ ಕಟ್ಟಿಕೊಟ್ಟ. ಊರಲ್ಲಿ ಎಲ್ಲರಿಗಿಂತ ಮೈಕೈ ತುಂಬಿದಾಕೆ ಪಾರಕ್ಕ, ಅವಳಿಗೆ ಬಂದ ಮರ್ಯಾದೆ ಏನು ಕೇಳುತ್ತೀರಿ. ಅವಳೊಂದು ದಿನ ಮಗಳ ಊರಿಗೆ ಹೊರಟರೆ ಕಾಕಾ ಬಸ್ ಸ್ಟ್ಯಾಂಡಿನ ತನಕ ಹೋಗಿ, ಯಾವಾಗ ಬರತೀರಿ ಅಕ್ಕಾರ ಅಂತ ಕೇಳಿ ಬಂದ. ತಳ ಮಾತ್ರ ನೀರಲ್ಲೇ ಇರುವುದರಿಂದ ಹಲಗೆ ಬಿರಿಯಲಿಲ್ಲ. ತಳಕ್ಕೆ ಬಿಸಿಲೇ ಮುಟ್ಟುವುದಿಲ್ಲವಾದ್ದರಿಂದ ಅಲ್ಲಿ ಪಾಚಿಯೂ ಕಮ್ಮಿ. ಇದ್ದದ್ದಕ್ಕೆ ನಾನೊಂದು ಉಪಾಯ ಹೂಡಿದೆ. ಗಂಟು ಹಾಕಿದ ನಾರಿನ ಹಗ್ಗವನ್ನು ಹೋಡಿಯ ಅಡಿಯಿಂದ ಹಾಯಿಸಿ, ಆ ತುದಿ ಕಾಕಾ, ಈ ತುದಿ ನಾನು, ಪಂಚೆಯಿಂದ ಬೆನ್ನು ಒರೆಸಿಕೊಂಡ ಹಾಗೆ ಮುಂದಿನಿಂದ ಹಿಂದಿನ ತನಕ ಎಳೆದಾಡುವುದು. ಬಸವನಹುಳಗಳು ಪಟಪಟ ಉದುರಿದವು. ನನ್ನ ಬುದ್ಧಿಯಿಂದಲೂ ಒಂದು ಕೆಲಸ ಆಯಿತಲ್ಲ ಅಂತ ನಾನು ಮಿರಜಿನ ತುಂಬ ಹೇಳಿಕೊಂಡು ತಿರುಗಿದೆ.

ಸಂಡಿಗೆಯ ಕಾಲ ಮುಗಿದರೂ ಹೆಂಗಸರು ಏಳಲಿಲ್ಲ. ಅವರಿಗೆ ಹೋಡಿಯ ರುಚಿ ಹತ್ತಿಬಿಟ್ಟಿತ್ತು. ಬೆಳ್ಳುಳ್ಳಿ ಸುಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಸೊಸೆಯಂದಿರ ವಿಚಾರ, ಎಲ್ಲ ಅಲ್ಲೇ. ಮಾವಶಿ ಹುಟ್ಟು ಹಿಡಿಯುವುದನ್ನೂ ಕಲಿತಳು. ಮಳೆ ಹಿಡಿದ ಮೇಲೆ ಹೊಳೆಗೆ ಕೆಂಪು ನೀರು ಬಂತು, ಆ ಕಲಕಿನಲ್ಲಿ ಪಾಚಿ ಚಿಗುರುವುದಿಲ್ಲ. ನೀರು ಇಳಿದು ಶರ್ಯತ್ತಿನ ದಿನ ಗೊತ್ತಾದಾಗ ನಾನು ಹೋಡಿಯ ಸುತ್ತ ಕೈಯಾಡಿಸಿದೆ. ಉಗುರಿಗೆ ಏನೂ ಹತ್ತಲಿಲ್ಲ. ಆದರೂ ಹಿಂದಿನ ದಿನ ಸಂಜೆ ಮಾವಶಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಬಚ್ಚಲ ಒಲೆಯ ಪಕ್ಕ ಕಟ್ಟಿಗೆಯ ಜಾಗ ಖಾಲಿ ಇತ್ತು, ಕಾಕಾ ಅವತ್ತು ಮಧ್ಯಾಹ್ನ ಕೊಡಲಿ ಹರಿತ ಮಾಡಿಸಿಕೊಂಡು ಬಂದಿದ್ದ. ಮಾತು ಅಂದರೆ ಮಾತು, ಅವನ ಸ್ವಭಾವವೇ ಹಾಗೆ.

ಶರ್ಯತ್ತಿಗೆ ಎರಡೂ ದಂಡೆಯಲ್ಲಿ ಮಂದಿಯೋ ಮಂದಿ. ಮೇಲಿನ ಘಾಟಿನಿಂದ ಸೇತುವೆಯ ತನಕ ಹೋಗಿ, ತಿರುಗಿ ಬರಬೇಕು. ಹೋಗುವಾಗ ಸಾಂಗ್ಲಿವಾಡಿಯವರು ಮುಂದೆ, ನಮ್ಮವರು ಅವರ ಬಾಲ ಹಿಡಿದು. ನಾನು ದಂಡೆಯ ಕೆಸರಿನಲ್ಲಿ ಅವರ ಜೋಡಿ ಓಡಿದೆ, ಒಂದು ಚಪ್ಪಲಿ ಕೃಷ್ಣೆಗೆ ಹೋಯಿತು. ಸೇತುವೆಯ ಹತ್ತಿರ ಸಾಂಗ್ಲಿವಾಡಿ ಹೋಡಿ ದೊಡ್ಡ ಸುತ್ತು ಹಾಕಿತು. ನಮ್ಮ ಕಾಕಾ ಎದ್ದು ನಿಂತು, ಚುಕ್ಕಾಣಿಗೆ ಮೈಭಾರವನ್ನೆಲ್ಲ ಹಾಕಿ, ಹೋಡಿಯನ್ನು ಕಂಬದ ಮಗ್ಗುಲಲ್ಲೇ ತಿರುಗಿಸಿಬಿಟ್ಟ. ಹಿಂದಿನ ವರ್ಷ ಹಾಗೆ ತಿರುಗಿಸಿದ್ದರೆ ಹೋಡಿ ಅಲ್ಲೇ ಕುಂಟುತ್ತ ನಿಲ್ಲುತ್ತಿತ್ತು. ಈ ಸಲ ಅದು ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಹುಡುಗರು ಒಂದು ಹುಟ್ಟು ಹಾಕಿದರೆ ಎರಡರಷ್ಟು ಓಡಿತು. ಸರಿಸಮ ಬಂದರು, ಮೂತಿ ದಾಟಿತು, ಅರ್ಧ ಹೋಡಿ ದಾಟಿತು. ಪಾರಕ್ಕ ತಲೆಯ ಮೇಲಿನ ಸೆರಗು ತೆಗೆದು ಬೀಸುತ್ತಿದ್ದಳು. ಘಾಟಿಗೆ ಮುಟ್ಟುವಾಗ ನಡುವೆ ಒಂದಿಡೀ ಹೋಡಿಯ ಅಂತರ ಇತ್ತು. ನನ್ನ ಗಂಟಲು ಬಿದ್ದುಹೋಗಿ ನಾಲ್ಕು ದಿನ ಗಿರಾಕಿಗಳ ಜೋಡಿ ಕೈಸನ್ನೆಯಲ್ಲೇ ಮಾತಾಡಿದೆ.

ಗುಲಾಲು ಹಾರಿತು, ಹಲಗಿ ಬಾರಿಸಿದರು. ಹಜಾಮತಿ ಮಾಡಿಸಿಕೊಂಡು ಬರ್ರಿ ಅಂದಿದ್ದ ಸಾಂಗ್ಲಿವಾಡಿಯವನೇ ನೀರಿಗಿಳಿದು ಬಂದು, ನಮ್ಮ ಹೋಡಿಯ ಮೈಮೇಲೆ ಈ ತುದಿಯಿಂದ ಆ ತುದಿಗೆ ಕೈಯಾಡಿಸಿ, ಬೆರಳು ಮೂಸಿ ನೋಡಿ, ಯಾವ ಬಣ್ಣ ಹಚ್ಚಿದಿರಿ, ಎಲ್ಲಿ ಸಿಗುತ್ತದೆ ಅಂತ ಮರಾಠಿಯಲ್ಲಿ ಕೇಳಿದ. ಅವನ ದನಿಯಲ್ಲಿ ಕುಚೋದ್ಯ ಇರಲಿಲ್ಲ. ನಾನು ಬಾಯಿ ತೆರೆದೆ, ಹಗ್ಗದ ಉಪಾಯ ಹೇಳೋಣ ಅಂತ. ದನಿ ಹೊರಡಲಿಲ್ಲ, ಒಳ್ಳೆಯದೇ ಆಯಿತು.

ಕಾಕಾ ಮುಖದ ಗುಲಾಲು ಒರೆಸಿಕೊಂಡ. ಅವನು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ನಮ್ಮ ಬಳಗದಲ್ಲಿ ಯಾರೂ ಕೇಳಿರಲಿಲ್ಲ. ಇಡೀ ಘಾಟು ಕೇಳುವಂತೆ ಹೇಳಿದ. "ಬಣ್ಣಾ ಇಲ್ಲ ಏನಿಲ್ಲ. ಅಲ್ಲಿ ಮೆಟ್ಟಲ ಮ್ಯಾಲೆ ನಿಂತಾಳ ನೋಡು, ಚಂಪಾ. ಹೋಡಿ ಅಕೀದು. ಅಕಿನ್ನ ಕೇಳು."

ಮಾವಶಿ ಗಳಗಳ ಅತ್ತಳು. ಮಹಾಪೂರದಲ್ಲಿ ಮನೆ ಮುಳುಗಿದಾಗಲೂ ಅಷ್ಟು ಅತ್ತಿರಲಿಲ್ಲ. ಪಾರಕ್ಕ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು, ಆಮೇಲೆ ಓಣಿಯ ಹೆಂಗಸರೆಲ್ಲ. ಹಲಗಿ ಬಾರಿಸುವವರು ಏನಾಯಿತೋ ಅಂತ ನಿಲ್ಲಿಸಿಬಿಟ್ಟರು. ಸಾಂಗ್ಲಿವಾಡಿಯವನು ಮೊಣಕಾಲು ನೀರಲ್ಲಿ ಕೈಕಟ್ಟಿ ನಿಂತೇ ಇದ್ದ, ಅವನಿಗೆ ಉತ್ತರ ಬೇಕಾಗಿತ್ತು. ಮಾವಶಿ ಮೂಗು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಎರಡು ಮೆಟ್ಟಿಲು ಕೆಳಗೆ ಇಳಿದು ಬಂದಳು.

"ಹೇಳತೇನಿ ಬರ್ರಿ," ಅಂದಳು. "ಆದ್ರ ನಿಮ್ಮ ಮನಿ ಹೆಣ್ಣಮಕ್ಕಳನ್ನ ಕರಕೊಂಡ ಬರ್ರಿ. ನಿಮ್ಮ ಕೈಲೆ ಆಗೋ ಕೆಲಸ ಅಲ್ಲದು."